ಕ್ರಿಸ್ತಾನುಕರಣೆಯ ಕರ್ತೃ ಥಾಮಸ್ ಅ ಕೆಂಪಿಸ್

ಪವಿತ್ರ ಬೈಬಲಿನ ನಂತರ ಕ್ರೈಸ್ತ ಜಗತ್ತಿನಲ್ಲಿ ಅತ್ಯಧಿಕವಾಗಿ ಓದಲ್ಪಟ್ಟ ಗ್ರಂಥಗಳ ಸಾಲಿನಲ್ಲಿ 'ಕ್ರಿಸ್ತಾನುಕರಣೆ'ಗೆ ಅಗ್ರಸ್ಥಾನವಿದೆ. ಅದರ ಕರ್ತೃ ಥಾಮಸ್ ಅ ಕೆಂಪಿಸರು ದೂರದ ನಾಡುಗಳಿಗೆ ಹೋಗಿ ಶುಭಸಂದೇಶ ಸಾರಿದವರಲ್ಲ. ರಕ್ತಸಾಕ್ಷಿಯಾಗಿ ಪ್ರಾಣ ತೆತ್ತವರೂ ಅಲ್ಲ. ಒಂದು ಬಡ ಮಠದಲ್ಲಿ 70 ವರ್ಷಗಳಿಗೂ ಹೆಚ್ಚು ಕಾಲ ಪ್ರಾರ್ಥನೆ, ಬರವಣಿಗೆ ಮತ್ತು ವಿಧೇಯತೆಯಲ್ಲಿ ಬಾಳಿದ ಗುರುಗಳವರು. ದೇವರ ವರಪ್ರಸಾದವು ದಿನನಿತ್ಯದ ಸಣ್ಣ ಕೆಲಸಗಳಲ್ಲಿಯೇ ಹೇಗೆ ಫಲ ನೀಡುವುದೆಂಬುದಕ್ಕೆ ಅವರ ಜೀವನವೇ ನಿದರ್ಶನ.

ಥಾಮಸರು 1380ರ ಸುಮಾರಿಗೆ ಜರ್ಮನಿಯ ಕೆಂಪೆನ್ ಎಂಬ ಸಣ್ಣ ಪಟ್ಟಣದಲ್ಲಿ ಜನಿಸಿದರು. ತಂದೆ ಲೋಹದ ಕೆಲಸ ಮಾಡುವ ಕುಶಲಕರ್ಮಿ. ತಾಯಿ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದ ಗೃಹಿಣಿ. ಮನೆತನದ ಹೆಸರು ಹೆಮೆರ್ಕೆನ್. ಸಣ್ಣ ಸುತ್ತಿಗೆ ಎಂದು ಅದರ ಅರ್ಥ. ಸುಮಾರು 12ನೆಯ ವಯಸ್ಸಿನಲ್ಲಿ ಬಾಲಕ ಥಾಮಸ್ ವಿದ್ಯಾಭ್ಯಾಸಕ್ಕಾಗಿ ನೆದರ್ಲೆಂಡ್ಸ್ ದೇಶದ ಡೆವೆಂಟರ್ ನಗರಕ್ಕೆ ಹೊರಟನು.

ಅದು ಧರ್ಮಸಭೆಗೆ ಕಷ್ಟಕಾಲ. 1378ರಿಂದ ಇಬ್ಬರು ತಾವೇ ನಿಜವಾದ ಜಗದ್ಗುರುಗಳೆಂದು ಸಾಧಿಸುತ್ತಿದ್ದರು. 1409ರ ನಂತರ ಮೂವರಾದರು. ಈ ಒಡಕು 1417ರವರೆಗೂ ಮುಂದುವರಿಯಿತು. ಇಂಥ ಕಾಲದಲ್ಲಿ ಡೆವೆಂಟರಿನ ಗೆರ್ಟ್ ಗ್ರೋಟೆ ಎಂಬ ಧರ್ಮಬೋಧಕರ ಅನುಯಾಯಿಗಳು ವಾಗ್ವಾದವನ್ನು ಬದಿಗಿಟ್ಟು, ಒಟ್ಟಾಗಿ ಬಾಳುತ್ತ, ಪುಸ್ತಕಗಳ ಪ್ರತಿ ಮಾಡಿ ಜೀವನೋಪಾಯ ಕಂಡುಕೊಳ್ಳುತ್ತ, ಪ್ರಭು ಯೇಸುವಿನ ಬೋಧನೆಯನ್ನು ಸರಳವಾಗಿ ಅನುಸರಿಸತೊಡಗಿದ್ದರು. ಅವರ ಮುಖಂಡರಾದ ಫ್ಲೋರೆನ್ಸ್ ರಾಡೆವೈನ್ಸ್ ಗುರುಗಳು ಬಡ ವಿದ್ಯಾರ್ಥಿ ಥಾಮಸನಿಗೆ ಆಶ್ರಯ ನೀಡಿದರು. ಧರ್ಮಸಭೆಯ ಸುಧಾರಣೆ ತನ್ನ ಅಂತರಂಗದಿಂದಲೇ ಆರಂಭವಾಗಬೇಕೆಂಬ ಪಾಠವನ್ನು ಆತ ಅಲ್ಲಿ ಕಲಿತನು.

1399ರಲ್ಲಿ ಥಾಮಸರು ಜ್ವೊಲ್ಲೆ ನಗರದ ಸಮೀಪದಲ್ಲಿದ್ದ ಸಂತ ಆಗ್ನೆಸಮ್ಮನವರ ಬೆಟ್ಟದ ಮಠವನ್ನು ಸೇರಿದರು. ಹಿರಿಯ ಸಹೋದರ ಯೊಹಾನ್ನರು ಅಲ್ಲಿಯ ಮಠಾಧಿಪತಿಗಳಾಗಿದ್ದರು. ಆದರೂ ಸನ್ಯಾಸಿ ವಸ್ತ್ರಕ್ಕಾಗಿ ಥಾಮಸರು 1406ರವರೆಗೆ ಕಾಯಬೇಕಾಯಿತು. ಗುರುದೀಕ್ಷೆ ದೊರೆತಾಗ ಅವರಿಗೆ 30 ವರ್ಷ ದಾಟಿತ್ತು. ಮುದ್ರಣಯಂತ್ರವಿಲ್ಲದ ಆ ದಿನಗಳಲ್ಲಿ ಗ್ರಂಥಗಳನ್ನು ಕೈಯಿಂದ ಬರೆಯುವುದೇ ಅವರ ಮುಖ್ಯ ಕಾಯಕವಾಯಿತು. ಸಂಪೂರ್ಣ ಬೈಬಲನ್ನು ಅವರು ನಾಲ್ಕು ಸಲ ಬರೆದರೆಂದು ಹೇಳಲಾಗಿದೆ. ಐದು ಸಂಪುಟಗಳ ಒಂದು ಪ್ರತಿ ಜರ್ಮನಿಯ ಡಾರ್ಮ್‌ಸ್ಟಾಟ್ ನಗರದಲ್ಲಿ ಉಳಿದುಬಂದಿದೆ. ಅಕ್ಷರ ಅಕ್ಷರವಾಗಿ ಬರೆದ ದೇವರ ವಾಕ್ಯವು ಅವರ ಹೃದಯದಲ್ಲಿ ನೆಲೆಗೊಂಡಿತು.

ಪರೀಕ್ಷೆಗಳೂ ಬಂದವು. ಉಟ್ರೆಕ್ಟ್ ಧರ್ಮಾಧ್ಯಕ್ಷರ ನೇಮಕದ ವಿವಾದದಲ್ಲಿ ಜಗದ್ಗುರುಗಳು ಆ ಪ್ರಾಂತದಲ್ಲಿ ಪೂಜಾವಿಧಿಗಳನ್ನು ನಿಷೇಧಿಸಿದರು. ಆ ಆಜ್ಞೆಗೆ ತಲೆಬಾಗಿದ ಮಠವಾಸಿಗಳು ಜನರ ವಿರೋಧಕ್ಕೆ ಗುರಿಯಾಗಿ 1429ರಲ್ಲಿ ಮಠವನ್ನೇ ತೊರೆದು ಮೂರು ವರ್ಷ ಪರಸ್ಥಳದಲ್ಲಿರಬೇಕಾಯಿತು. 1432ರಲ್ಲಿ ಸಹೋದರ ಯೊಹಾನ್ನರು ತೀರಿಕೊಂಡಾಗ ಥಾಮಸರು ಅವರ ಶುಶ್ರೂಷೆಯಲ್ಲಿದ್ದರು.

ಉಪಮಠಾಧಿಪತಿಗಳಾಗಿ ಹೊಸ ಸನ್ಯಾಸಿಗಳನ್ನು ತರಬೇತುಗೊಳಿಸುವ ಹೊಣೆ ಹೊತ್ತ ಥಾಮಸರು ಅವರಿಗಾಗಿ ಬರೆದ ಚಿಂತನೆಗಳೇ 'ಕ್ರಿಸ್ತಾನುಕರಣೆ'. ಅವರ ಹಸ್ತಾಕ್ಷರದ 1441ರ ಪ್ರತಿ ಬ್ರಸೆಲ್ಸಿನಲ್ಲಿದೆ. ಕರ್ತೃ ಬೇರೆಯವರೆಂಬ ವಾದ ಶತಮಾನಗಳ ಕಾಲ ನಡೆದರೂ, ಹೆಚ್ಚಿನ ವಿದ್ವಾಂಸರು ಅದನ್ನು ಥಾಮಸರದೆಂದೇ ಒಪ್ಪುತ್ತಾರೆ. ನಾಲ್ಕು ಭಾಗಗಳಲ್ಲಿ 114 ಅಧ್ಯಾಯಗಳಿರುವ ಈ ಗ್ರಂಥವನ್ನು ದಿನಕ್ಕೊಂದು ಅಧ್ಯಾಯದಂತೆ ಧ್ಯಾನಿಸಬಹುದು. ಒಂದು ಭಾಗ ಪೂರ್ತಿ ಪರಮಪ್ರಸಾದಕ್ಕೆ ಮೀಸಲು. ಮಾನವ ಸ್ವಭಾವ ಮತ್ತು ವರಪ್ರಸಾದಗಳ ಭೇದವನ್ನು ವಿವರಿಸುವ ಅಧ್ಯಾಯವು ನಮ್ಮ ಮನಸ್ಸಿಗೇ ಹಿಡಿದ ಕನ್ನಡಿ. ಸ್ವಭಾವವು ಸ್ವಂತ ಲಾಭವನ್ನು ಎಣಿಸುತ್ತದೆ, ಹೊಗಳಿಕೆಯನ್ನು ಬಯಸುತ್ತದೆ. ವರಪ್ರಸಾದವು ಪರರ ಹಿತವನ್ನು ನೋಡುತ್ತದೆ, ಎಲ್ಲ ಗೌರವವನ್ನೂ ದೇವರಿಗೆ ಒಪ್ಪಿಸುತ್ತದೆ. ಮಾನವನು ತನ್ನ ಬಲದಿಂದಲೇ ಒಳ್ಳೆಯವನಾಗಲಾರನು. ಆದರೆ ಬೇಡಿಕೊಂಡವನಿಗೆ ದೇವರು ಬಲ ನೀಡದಿರಲಾರರು. ಇದೇ ಗ್ರಂಥದ ಸಾರ.

ಲೊಯೋಲದ ಸಂತ ಇಗ್ನಾಸಿಯವರಿಗೆ ಇದು ಅಚ್ಚುಮೆಚ್ಚಿನ ಗ್ರಂಥವಾಗಿತ್ತು. ಲಿಸ್ಯೂವಿನ ಸಂತ ತೆರೇಸಮ್ಮನವರಿಗೆ ಎಳೆಯ ವಯಸ್ಸಿನಲ್ಲಿಯೇ ಬಹುತೇಕ ಬಾಯಿಪಾಠವಾಗಿತ್ತು. ಸ್ವಾಮಿ ವಿವೇಕಾನಂದರು 1889ರಲ್ಲಿ ಇದರ ಕೆಲವು ಅಧ್ಯಾಯಗಳನ್ನು ಬಂಗಾಳಿಗೆ ಅನುವಾದಿಸಿದರು.

ಥಾಮಸರು 1471ರಲ್ಲಿ, 90 ದಾಟಿದ ಇಳಿವಯಸ್ಸಿನಲ್ಲಿ, ಪ್ರಭುವಿನಲ್ಲಿ ನಿದ್ರಿಸಿದರು. ಆ ಮಠ ಇಂದು ಉಳಿದಿಲ್ಲ. ಧರ್ಮಸಭೆ ಅವರನ್ನು ಸಂತರೆಂದು ಘೋಷಿಸಿಯೂ ಇಲ್ಲ. ಆದರೂ ಅವರ ಗ್ರಂಥವು ಎಷ್ಟೋ ಆತ್ಮಗಳನ್ನು ಕ್ರಿಸ್ತರ ಬಳಿಗೆ ಕರೆತಂದಿದೆ. ನಮ್ಮ ದೇವಾಲಯದ ನೂರು ವರ್ಷಗಳೂ ಹೆಸರು ಬಯಸದ ಇಂಥ ಆತ್ಮಗಳಿಂದಲೇ ತುಂಬಿವೆ: ಮುಂಜಾನೆ ಗಂಟೆ ಬಾರಿಸಿದವರು, ಮಕ್ಕಳಿಗೆ ಜಪ ಕಲಿಸಿದ ತಾಯಂದಿರು, ರೋಗಿಗಳ ಬಳಿ ರಾತ್ರಿ ಕಳೆದವರು. ಅವರ ಹೆಸರುಗಳು ಕಲ್ಲಿನಲ್ಲಿ ಕೆತ್ತಲ್ಪಟ್ಟಿಲ್ಲ; ದೇವರ ಬಳಿ ಬರೆಯಲ್ಪಟ್ಟಿವೆ. ಪ್ರತಿದಿನ ಒಂದಿಷ್ಟು ಮೌನ, ಒಂದು ಸಣ್ಣ ತ್ಯಾಗ, ಒಂದು ಕ್ಷಮೆ: ಇಷ್ಟರಿಂದ ನಾವು ಆರಂಭಿಸೋಣ. ಮಿಕ್ಕುದನ್ನು ವರಪ್ರಸಾದವು ಪೂರೈಸಲಿ.