ಗೇ-ಲುಸಾಕ್ ಮಹಾಶಯನ ಜೀವನ

ಜೋಸೆಫ್ ಲೂಯಿ ಗೇ-ಲುಸಾಕ್ ಎಂಬ ರಸಾಯನಶಾಸ್ತ್ರಜ್ಞನು 1778ನೆಯ ಇಸವಿ ಡಿಸೆಂಬರ್ 6ರಂದು ಫ್ರಾನ್ಸ್ ದೇಶದಲ್ಲಿ ಜನಿಸಿದನು. ಅಲ್ಲಿನ ಮಹಾಕ್ರಾಂತಿಯ ಕಾಲದಲ್ಲಿ ತಂದೆಯು ಸೆರೆಮನೆಯನ್ನು ಸೇರಲು, ಕುಟುಂಬಕ್ಕೆ ಕಷ್ಟವೊದಗಿತು. ಆದರೂ ಬಾಲಕನು ಓದನ್ನು ಬಿಡದೆ 1797ರಲ್ಲಿ ಪ್ಯಾರಿಸ್ಸಿನ ಪಾಲಿಟೆಕ್ನಿಕ್ ವಿದ್ಯಾಶಾಲೆಗೆ ಪ್ರವೇಶ ಪಡೆದನು. 1804ರಲ್ಲಿ ಬೆಲೂನನ್ನು ಒಬ್ಬನೇ ಏರಿ, ಸುಮಾರು 7000 ಮೀಟರ್ ಎತ್ತರದವರೆಗೆ ಹೋಗಿ ಬಂದನು.

1809ರಲ್ಲಿ ಈತನ ವಿವಾಹವಾಯಿತು. ವಧುವಾದ ಜನೆವೀವ್ ರೊಜೋ ಎಂಬಾಕೆಯು ಬಟ್ಟೆಯಂಗಡಿಯಲ್ಲಿ ಕೆಲಸಕ್ಕಿದ್ದವಳು. ಬಿಡುವಿನಲ್ಲಿ ಆಕೆಯು ಮರೆಯಾಗಿಟ್ಟುಕೊಂಡು ಓದುತ್ತಿದ್ದುದು ರಸಾಯನಶಾಸ್ತ್ರದ ಪುಸ್ತಕವೆಂದು ಕಂಡು ಈತನು ಬೆರಗಾದನು. ಮದುವೆಗೆ ಮುಂಚೆ ಆಕೆಯ ವಿದ್ಯಾಭ್ಯಾಸವನ್ನು ಮುಂದುವರಿಸಿದನು. ಹೆಣ್ಣುಮಕ್ಕಳ ತಂದೆತಾಯಿಗಳು ಇದನ್ನು ಗಮನಿಸಬೇಕೆಂದು ನನ್ನ ಅಪೇಕ್ಷೆ.

ಅನಿಲಗಳ ನಿಯಮದಿಂದ ಈತನ ಹೆಸರು ಪಾಠಪುಸ್ತಕಗಳಲ್ಲಿ ನಿಂತಿದೆ. ನನಗೆ ಮೆಚ್ಚಿಕೆಯಾದುದು ಬೇರೊಂದು ಕೆಲಸ. ಆಗ ಸಾಬೂನು, ಗಾಜು ಮಾಡುವವರು ಮರದ ಬೂದಿಯಿಂದ ತೆಗೆದ ಪೊಟ್ಯಾಷನ್ನು ತೂಕಕ್ಕೆ ಕೊಳ್ಳುತ್ತಿದ್ದರು. ಅದರಲ್ಲಿ ನಿಜವಾದ ಕ್ಷಾರವೆಷ್ಟು, ಬೆರಕೆಯೆಷ್ಟು ಎಂಬುದನ್ನು ತಕ್ಕಡಿಯು ತಿಳಿಸಲಾರದು. ಕೊಂಡವನು ಮೋಸಹೋದರೂ ಸಾಕ್ಷಿಯಿಲ್ಲ. ದೆಕ್ರುವಾಜೀಲ್ ಎಂಬವನು ಮೊದಲೇ ಒಂದು ಅಳತೆಯ ಕೊಳವೆಯನ್ನು ಮಾಡಿದ್ದನು. 1828ರಲ್ಲಿ ಗೇ-ಲುಸಾಕನು ಆ ವಿಧಾನವನ್ನು ನಿಖರಗೊಳಿಸಿದನು. ತೂಗಿದ ಪೊಟ್ಯಾಷನ್ನು ನೀರಿನಲ್ಲಿ ಕರಗಿಸಿ ಲಿಟ್ಮಸ್ ಹಾಕಿದರೆ ನೀಲಿಯಾಗುವುದು. ಬಲವು ಗೊತ್ತಿರುವ ಗಂಧಕಾಮ್ಲವನ್ನು ಬ್ಯೂರೆಟ್ಟಿನಿಂದ ಬಿಡುತ್ತ ಬಂದರೆ ಮೊದಲು ದ್ರಾಕ್ಷಾರಸದ ಬಣ್ಣ. ಕಡೆಗೆ ಒಂದೇ ಹನಿಯಿಂದ ಈರುಳ್ಳಿ ಸಿಪ್ಪೆಯ ಕೆಂಪು. ಅಲ್ಲಿಗೆ ಕೈ ನಿಲ್ಲಿಸಬೇಕು. ಖರ್ಚಾದ ಆಮ್ಲವೇ ಕ್ಷಾರದ ಲೆಕ್ಕವನ್ನು ಹೇಳುವುದು. ಬ್ಯೂರೆಟ್, ಪಿಪೆಟ್ ಎಂಬ ಹೆಸರುಗಳನ್ನು ಈತನು 1824ರಲ್ಲೇ ಬಳಸಿದ್ದನು.

ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ಆ ಲೆಕ್ಕವು ನೆನಪಿರಬಹುದು. 20 ಮಿಲಿಲೀಟರ್ ಕಾಸ್ಟಿಕ್ ಸೋಡಾ ದ್ರಾವಣಕ್ಕೆ, ಲೀಟರಿಗೆ 0.1 ಮೋಲ್ ಇರುವ ಹೈಡ್ರೋಕ್ಲೋರಿಕ್ ಆಮ್ಲವು 25 ಮಿಲಿಲೀಟರ್ ಹಿಡಿಸಿತೆನ್ನೋಣ. 25ನ್ನು 0.1ರಿಂದ ಗುಣಿಸಿ 20ರಿಂದ ಭಾಗಿಸಿದರೆ 0.125, ಸೋಡಾದ ಸಾಂದ್ರತೆಯು ಲೀಟರಿಗೆ ಅಷ್ಟು ಮೋಲ್. ಗಂಧಕಾಮ್ಲವಾದರೆ ಅದರ ಒಂದು ಅಣುವು ಸೋಡಾದ ಎರಡನ್ನು ತಟಸ್ಥಗೊಳಿಸುವುದರಿಂದ ಎರಡರಿಂದಲೂ ಗುಣಿಸಬೇಕು. ಪರೀಕ್ಷೆಯಲ್ಲಿ ಬಹುಮಂದಿ ಮರೆಯುವುದು ಇದನ್ನೇ.

ಮುಂದೆ ಈತನು ಪ್ಯಾರಿಸ್ಸಿನ ಟಂಕಸಾಲೆಯಲ್ಲಿ ಬೆಳ್ಳಿಯನ್ನೂ ಉಪ್ಪಿನ ದ್ರಾವಣದಿಂದ ಹೀಗೆಯೇ ಅಳೆಯುವ ಪದ್ಧತಿಯನ್ನು ತಂದನು. ಬೆಂಕಿಯಲ್ಲಿಟ್ಟು ನೋಡುವ ಹಳೆಯ ಪರೀಕ್ಷೆಯು ಬೆಳ್ಳಿಯನ್ನು ಕಡಿಮೆಯಾಗಿ ತೋರಿಸುತ್ತಿದ್ದುದು ಆಗ ಬಯಲಾಯಿತು. 1850ನೆಯ ಇಸವಿ ಮೇ 9ರಂದು ಈತನು ಪ್ಯಾರಿಸ್ಸಿನಲ್ಲಿ ತೀರಿಕೊಂಡನು.