ಜಾಮೀನಾಗಿ ನಿಂತ ಸಂತ

ವಶೀಲಿ ಎಂಬ ಮಾತನ್ನು ಅರಿಯದವರು ನಮ್ಮ ಸೀಮೆಯಲ್ಲಿ ವಿರಳ. ಕಚೇರಿಯಲ್ಲಿ ಕೆಲಸವಾಗಬೇಕಾದರೆ ಸಾಹೇಬರಿಗೆ ಬೇಕಾದವರೊಬ್ಬರನ್ನು ಹಿಡಿದು, ಅವರ ಬಾಯಿಂದ ಒಂದು ಮಾತು ಹೇಳಿಸುವುದು ಲೋಕರೂಢಿ. ಕ್ರೈಸ್ತರು ತಮ್ಮ ಸಂತರ ಮೂಲಕ ದೇವರಲ್ಲಿ ಮೊರೆಯಿಡುವುದನ್ನು ಕಂಡ ಅನ್ಯಮತೀಯರು ಅದನ್ನೂ ಇಂತಹದೇ ಒಂದು ವಶೀಲಿಯೆಂದು ಬಗೆಯುವುದುಂಟು. ಆದರೆ ನಮ್ಮ ಹಳ್ಳಿಗಳಲ್ಲಿ ಇನ್ನೊಂದು ಮಾತೂ ಬಳಕೆಯಲ್ಲಿದೆ, ಅದು ಜಾಮೀನು. ವಶೀಲಿ ಹೇಳಿದವನು ಮಾತು ನಡೆಯದಿದ್ದರೆ ಕೈಕೊಡವಿ ಮನೆಗೆ ಹೋಗುತ್ತಾನೆ. ಜಾಮೀನಾದವನು ಹಾಗೆ ಹೋಗುವಂತಿಲ್ಲ. ಸಾಲಗಾರನ ಪತ್ರಕ್ಕೆ ಅವನ ಹೆಬ್ಬೆಟ್ಟೂ ಬಿದ್ದಿರುತ್ತದೆ. ಸಾಲ ತೀರದಿದ್ದರೆ ಹೋಗುವುದು ಅವನ ಹೊಲ. ಪರರಿಗಾಗಿ ದೇವರಲ್ಲಿ ಬೇಡಿಕೊಳ್ಳುವುದು ಈ ಎರಡರಲ್ಲಿ ಯಾವುದಕ್ಕೆ ಸಮೀಪವೆಂದು ನಾನು ಯೋಚಿಸಿದಾಗಲೆಲ್ಲ ನನ್ನ ಕಣ್ಣೆದುರಿಗೆ ಬರುವ ಮೂರ್ತಿ ಗೋವೆಯ ಜೋಸೆಫ್ ವಾಜ್ ಅವರದು.

ಘಟ್ಟದ ಕೆಳಗಿನ ಗೋವೆ ಬೆಳಗಾವಿ ಸೀಮೆಗೆ ನೆರೆಯ ನಾಡು. 1953ರಲ್ಲಿ ಬೆಳಗಾವಿಗೆ ಪ್ರತ್ಯೇಕ ಧರ್ಮಪ್ರಾಂತ ಏರ್ಪಡುವವರೆಗೆ ಈ ಕಡೆಯ ಕೆಥೋಲಿಕರಲ್ಲಿ ಹಲವರು ಗೋವೆಯ ಆರ್ಚ್‌ಬಿಷಪರ ಆಡಳಿತಕ್ಕೆ ಸೇರಿದ್ದರು. ಆ ಗೋವೆಯ ಬಾಣಾವಲಿ ಗ್ರಾಮದಲ್ಲಿ, ತಾಯಿಯ ತವರಿನಲ್ಲಿ, 1651ನೆಯ ಇಸವಿಯ ಏಪ್ರಿಲ್ 21ರಂದು ಜೋಸೆಫ್ ಜನಿಸಿದರು. ತಂದೆ ಕ್ರಿಸ್ತೊವಾಂವ್ ವಾಜ್ ಸಾಂಕ್ವಾಳದವರು. ತಾಯಿ ಮರಿಯಾ ದೆ ಮಿರಾಂದಾ. ಮನೆತನ ಮೂಲತಃ ಕೊಂಕಣಿ ಬ್ರಾಹ್ಮಣರದು. ಬಾಲಕನು ಪೋರ್ತುಗೀಜ್, ಲ್ಯಾಟಿನ್ ಭಾಷೆಗಳನ್ನು ಕಲಿತು, ಗೋವೆಯ ವಿದ್ಯಾಲಯಗಳಲ್ಲಿ ತತ್ತ್ವಶಾಸ್ತ್ರ ದೈವಶಾಸ್ತ್ರಗಳನ್ನು ವ್ಯಾಸಂಗ ಮಾಡಿ, 1676ರಲ್ಲಿ ಗುರುದೀಕ್ಷೆಯನ್ನು ಪಡೆದನು.

ವಿದ್ಯೆಯಿತ್ತು, ಕುಲದ ಹಿರಿಮೆಯಿತ್ತು. ಆದರೂ ಅಂದಿನ ಗೋವೆಯಲ್ಲಿ ಈ ನೆಲದ ಪಾದ್ರಿಗೆ ಮೇಲ್ಪಂಕ್ತಿ ದೊರೆಯುತ್ತಿರಲಿಲ್ಲ. ಯುರೋಪಿನ ಸನ್ಯಾಸಿ ಸಂಘಗಳು ಭಾರತೀಯರನ್ನು ಒಳಗೆ ಸೇರಿಸಿಕೊಳ್ಳಲು ಒಪ್ಪುತ್ತಿರಲಿಲ್ಲ. ಇಂತಹ ಅವಮಾನವನ್ನುಂಡ ತರುಣನು ಪದವಿಗಾಗಿ ಹೋರಾಡಬಹುದಾಗಿತ್ತು. ಇಲ್ಲವೆ ಕಹಿಯನ್ನು ನುಂಗಿಕೊಂಡು ಸುಮ್ಮನಿರಬಹುದಾಗಿತ್ತು. ಜೋಸೆಫರು ಹಿಡಿದ ದಾರಿ ಬೇರೆ. 1677ರ ಆಗಸ್ಟ್ 5ರಂದು, ತಮ್ಮ ಇಪ್ಪತ್ತಾರನೆಯ ವಯಸ್ಸಿನಲ್ಲಿ, ತಾವು ಇನ್ನು ಮುಂದೆ ದೇವಮಾತೆಯ ಗುಲಾಮರೆಂದು ಅವರು ಸ್ವಹಸ್ತದಿಂದ ಒಂದು ಪತ್ರ ಬರೆದು ಅರ್ಪಿಸಿದರು. ಮನುಷ್ಯರನ್ನು ಕೊಳ್ಳುವುದೂ ಮಾರುವುದೂ ನಡೆಯುತ್ತಿದ್ದ ನಗರದಲ್ಲಿ ಸ್ವತಂತ್ರನಾದವನೊಬ್ಬನು ತಾನಾಗಿ ಬರೆದುಕೊಟ್ಟ ಜೀತಪತ್ರ ಅದು. ದಾಸ ಎಂಬ ಶಬ್ದಕ್ಕೆ ದೊಡ್ಡ ಗೌರವ ಕೊಟ್ಟ ಕನ್ನಡಿಗರಿಗೆ ಈ ನಡತೆಯ ಮರ್ಮ ಬೇಗನೆ ತಿಳಿಯುತ್ತದೆ. ತನ್ನದೆಂಬುದೆಲ್ಲವನ್ನೂ ಮೊದಲೇ ಕೊಟ್ಟುಬಿಟ್ಟವನು ಯಾರ ಪರವಾಗಿ ನಿಲ್ಲಲೂ ಅಂಜಬೇಕಾಗಿಲ್ಲ.

ಆ ಪತ್ರದ ಬೆಲೆ ಮೊದಲು ಪರೀಕ್ಷೆಗೆ ಬಂದದ್ದು ಕನ್ನಡ ನಾಡಿನಲ್ಲಿ. 1681ರಲ್ಲಿ ಅವರನ್ನು ಕೆನರಾ ಕರಾವಳಿಗೆ ಕಳುಹಿಸಲಾಯಿತು. ಆ ಸೀಮೆ ಆಗ ಕೆಳದಿಯ ಅರಸರದು. ಪಟ್ಟದಲ್ಲಿದ್ದವಳು ರಾಣಿ ಚೆನ್ನಮ್ಮಾಜಿ. ನಮ್ಮ ಕಿತ್ತೂರಿನ ಚೆನ್ನಮ್ಮನಿಗಿಂತ ಒಂದೂವರೆ ಶತಮಾನ ಹಿಂದಿನವಳು ಈಕೆ. ಗೋವೆಯಿಂದ ಬಂದು ಹೊನ್ನಾವರ, ಬಸರೂರು, ಗಂಗೊಳ್ಳಿ, ಕಲ್ಯಾಣಪುರ, ಮಂಗಳೂರುಗಳಲ್ಲಿ ನೆಲೆಸಿದ್ದ ಕೆಥೋಲಿಕರು ಅಲ್ಲಿ ಅನಾಥರಂತಾಗಿದ್ದರು. ಇದಕ್ಕೆ ರಾಣಿಯ ಆಡಳಿತ ಕಾರಣವಲ್ಲ. ಅವರದೇ ಧರ್ಮಾಧಿಕಾರಿಗಳ ವ್ಯಾಜ್ಯ ಕಾರಣ. ಪೋರ್ತುಗಲ್ಲಿನ ದೊರೆಯ ಹಕ್ಕಿನಂತೆ ಗೋವೆಯ ಆರ್ಚ್‌ಬಿಷಪರು ಆ ಸೀಮೆಯನ್ನು ತಮ್ಮದೆನ್ನುತ್ತಿದ್ದರು. ರೋಮಿನಿಂದ ನೇರವಾಗಿ ನೇಮಕಗೊಂಡಿದ್ದ ಬಿಷಪ್ ತೋಮಾಸ್ ದೆ ಕಾಸ್ಟ್ರೊ ಅವರು ಮಂಗಳೂರಿನಲ್ಲಿದ್ದುಕೊಂಡು ಅದನ್ನು ತಮ್ಮದೆನ್ನುತ್ತಿದ್ದರು. ಮಂಗಳೂರಿನ ಮಿಲಾಗ್ರಿಸ್ ಇಗರ್ಜಿಯನ್ನು 1680ರಲ್ಲಿ ಕಟ್ಟಿಸಿದವರು ಇವರೇ. ಇವರೂ ಗೋವೆಯ ಮಣ್ಣಿನವರೇ. ಒಂದು ಕಡೆಯ ಪಾದ್ರಿ ಮಾಡಿಸಿದ ಮದುವೆಯನ್ನು ಇನ್ನೊಂದು ಕಡೆಯವರು ಒಪ್ಪದೆ ಹೋದರೆ ಬಡ ಒಕ್ಕಲಿಗನ ಗತಿಯೇನು? ಆನೆಗಳ ಜಗಳದಲ್ಲಿ ತುಳಿತಕ್ಕೆ ಸಿಕ್ಕುವುದು ಹುಲ್ಲು.

ಜೋಸೆಫರು ಗೋವೆಯ ಕಡೆಯಿಂದ ಅಧಿಕಾರ ಪಡೆದು ಬಂದವರು. ಆದರೂ ಅವರು ಅಧಿಕಾರವನ್ನು ಬೀಸಿ ಆಡಲಿಲ್ಲ. ತಮ್ಮನ್ನು ಕಳುಹಿಸಿದವರಿಗೆ ವಿಧೇಯರಾಗಿದ್ದುಕೊಂಡೇ ಬಿಷಪರನ್ನು ವಿನಯದಿಂದ ಕಂಡು, ರಾಜಿಗಾಗಿ ಶ್ರಮಿಸಿದರು. ಬರಿಗಾಲಿನಲ್ಲಿ ಊರೂರು ಅಲೆದು, ಬಿದ್ದ ಇಗರ್ಜಿಗಳನ್ನು ಎತ್ತಿಸಿ, ಮಕ್ಕಳಿಗೆ ಪಾಠ ಹೇಳಿಸಿ, ರೋಗಿಗಳ ಹಾಸಿಗೆಯ ಬಳಿ ಕುಳಿತರು. ಆ ವ್ಯಾಜ್ಯ ಅವರ ಕಾಲದಲ್ಲಿ ಮುಗಿಯಲಿಲ್ಲ. ಅವರ ತರುವಾಯವೂ ಬಹುಕಾಲ ಉಳಿಯಿತು. ನಡುವೆ ನಿಂತವನಿಗೆ ಯಾವಾಗಲೂ ಜಯ ದೊರೆಯುವುದಿಲ್ಲ. ಆದರೆ ಅವನು ನಿಂತ ಕಾರಣದಿಂದ ಕೆಲವರಾದರೂ ತುಳಿತದಿಂದ ಪಾರಾಗುತ್ತಾರೆ. ದಕ್ಷಿಣ ಕನ್ನಡದ ಮುಡಿಪು ಗುಡ್ಡದ ಮೇಲೆ ಇಂದಿಗೂ ಅವರ ಹೆಸರಿನ ಪುಣ್ಯಕ್ಷೇತ್ರವಿದೆ.

1684ರಲ್ಲಿ ಗೋವೆಗೆ ಮರಳಿದ ಮೇಲೆ ಅವರು ಹಳೆಯ ಗೋವೆಯಲ್ಲಿ ಕೂಡಿ ಬಾಳುತ್ತಿದ್ದ ಕೆಲವು ದೇಶೀಯ ಪಾದ್ರಿಗಳನ್ನು ಸೇರಿ, 1685ರಲ್ಲಿ ಅವರ ಹಿರಿಯರಾದರು. ಪರದೇಶದ ಸಂಘಗಳು ಬಾಗಿಲು ಮುಚ್ಚಿದ್ದಾಗ ಈ ನೆಲದವರೇ ಕಟ್ಟಿಕೊಂಡ ಒರಟೋರಿ ಸಂಘ ಅದು. ಅಲ್ಲಿಯೇ ಗೌರವದಿಂದ ಬಾಳಬಹುದಾಗಿತ್ತು. ಆದರೆ ಸಿಲೋನಿನ ಸುದ್ದಿ ಅವರ ನಿದ್ದೆಗೆಡಿಸಿತ್ತು. 1658ರ ಹೊತ್ತಿಗೆ ಡಚ್ಚರು ಪೋರ್ತುಗೀಜರನ್ನು ಆ ದ್ವೀಪದಿಂದ ಓಡಿಸಿ, ತಮ್ಮ ಆಡಳಿತದ ಕರಾವಳಿಯಲ್ಲಿ ಕೆಥೋಲಿಕ್ ಪೂಜೆಯನ್ನು ನಿಷೇಧಿಸಿದ್ದರು. ಪಾದ್ರಿಗಳಿಗೆ ಅಲ್ಲಿ ಕಾಲಿಡಲು ಅವಕಾಶವಿರಲಿಲ್ಲ. ದಶಕಗಳಿಂದ ಆ ಜನರ ಪರವಾಗಿ ಬೇಡುವವರು ಯಾರೂ ಇರಲಿಲ್ಲ.

1686ರಲ್ಲಿ ಜೋಸೆಫರು ಪಾದ್ರಿಯ ನಿಲುವಂಗಿಯನ್ನು ಕಳಚಿಟ್ಟು, ಜಾನ್ ಎಂಬ ಸೇವಕನೊಡನೆ ದಕ್ಷಿಣಕ್ಕೆ ಹೊರಟರು. ತೂತ್ತುಕುಡಿಯಿಂದ ದೋಣಿ ಹತ್ತಿ, ಕೂಲಿಯ ವೇಷದಲ್ಲಿ, 1687ರಲ್ಲಿ ಜಾಫ್ನಾವನ್ನು ಸೇರಿದರು. ಸಮುದ್ರದ ಬವಣೆಯೂ ಹಸಿವೂ ಕೂಡಿ ಅವರಿಗೆ ರಕ್ತಭೇದಿ ಹಿಡಿಯಿತು. ದಯಾಳುವೊಬ್ಬಳು ತಂದುಕೊಟ್ಟ ಗಂಜಿಯಿಂದ ಜೀವ ಉಳಿಯಿತೆಂದು ಚರಿತ್ರಕಾರರು ಹೇಳುತ್ತಾರೆ. ಎದ್ದು ನಡೆಯುವಂತಾದೊಡನೆ ಅವರು ಕೊರಳಿಗೆ ಜಪಸರವನ್ನು ಎದ್ದು ಕಾಣುವಂತೆ ಹಾಕಿಕೊಂಡು ಮನೆಮನೆಯ ಬಾಗಿಲಲ್ಲಿ ಭಿಕ್ಷೆಗೆ ನಿಂತರು. ಆ ಸರದ ಮೇಲೆ ಯಾರ ಕಣ್ಣು ತಡೆಯುವುದೋ ಅವರು ತಮ್ಮವರು. ಬಚ್ಚಿಟ್ಟುಕೊಂಡಿದ್ದ ಭಕ್ತರನ್ನು ಅವರು ಹುಡುಕಿ ತೆಗೆದ ಬಗೆ ಇದು. ಹುಸಿ ಭಿಕ್ಷುಕನ ಸೋಗು ಇದೆಂದು ಹೇಳಲಾರೆವು. ಉಪವಾಸವೂ ನಿಜವಾಗಿತ್ತು, ಭಿಕ್ಷೆಯೂ ನಿಜವಾಗಿತ್ತು. 1689ರ ಕ್ರಿಸ್ಮಸ್ ಹಿಂದಿನ ರಾತ್ರಿ ಡಚ್ಚರು ಪೂಜೆಗೆ ಕೂಡಿದ್ದವರ ಮೇಲೆ ಬಿದ್ದು ಹಲವರನ್ನು ಸೆರೆಹಿಡಿದರು. ಕೆಲವರು ಹಿಂಸೆಯಲ್ಲಿ ಜೀವ ನೀಗಿದರು. ಜೋಸೆಫರು ಪಾರಾಗಿ, ಮರುವರ್ಷ ಕ್ಯಾಂಡಿಯ ರಾಜನ ಆಳಿಕೆಯಲ್ಲಿದ್ದ ಪುತ್ತಳಂ ಸೇರಿದರು.

ಅಲ್ಲಿಂದ 1692ರಲ್ಲಿ ಅವರು ಗುಡ್ಡಗಾಡಿನ ರಾಜಧಾನಿಯಾದ ಕ್ಯಾಂಡಿಗೆ ನಡೆದರು. ಅವರು ಪೋರ್ತುಗೀಜರ ಬೇಹುಗಾರನೆಂದು ಅರಮನೆಗೆ ಚಾಡಿ ಮುಟ್ಟಿತ್ತು. ಚಾಡಿ ಹೇಳಿದವನೂ ಕ್ರೈಸ್ತನೇ, ಆದರೆ ಬೇರೆ ಪಂಥದ ಫ್ರೆಂಚನು. ಅವರನ್ನು ಸಂಗಡಿಗರೊಡನೆ ಸೆರೆಯಲ್ಲಿಟ್ಟರು. ಸೆರೆಯಲ್ಲಿ ಅವರು ಸಿಂಹಳ ಭಾಷೆಯನ್ನು ಕಲಿತರು. ಕಾವಲು ಸಡಿಲಿದ ಮೇಲೆ ಒಂದು ಗುಡಿಸಲನ್ನೇ ಗುಡಿಯನ್ನಾಗಿ ಮಾಡಿಕೊಂಡರು.

1693ರಲ್ಲಿ ಆ ನಾಡಿನಲ್ಲಿ ಮಳೆ ನಿಂತಿತು. ಎರೆಹೊಲವನ್ನು ನೆಚ್ಚಿ ಬದುಕುವ ನಮ್ಮ ಚಚಡಿಯಂತಹ ಊರಿನವರಿಗೆ ಆ ಸ್ಥಿತಿಯನ್ನು ಬಣ್ಣಿಸಿ ಹೇಳಬೇಕಾಗಿಲ್ಲ. ಬರ ಬಿದ್ದಾಗ ನಮ್ಮ ಕಡೆ ಗುರ್ಜಿ ಹೊರುವುದುಂಟು. ಒಬ್ಬನು ತಲೆಯ ಮೇಲೆ ರೊಟ್ಟಿಯ ಹಂಚು, ಹಂಚಿನಲ್ಲಿ ಸಗಣಿಯ ಗುರ್ಜಿಯನ್ನು ಹೊತ್ತು ಮನೆಮನೆಗೆ ಹೋಗುತ್ತಾನೆ. ಮನೆಯವರು ಅವನ ತಲೆಯ ಮೇಲೆ ತಂಬಿಗೆ ನೀರು ಸುರಿಯುತ್ತಾರೆ. ಇಡೀ ಊರಿನ ಬೇಡಿಕೆಯನ್ನು ಆ ದಿನ ಒಬ್ಬನ ತಲೆ ಹೊರುತ್ತದೆ. ಕ್ಯಾಂಡಿಯ ದೊರೆ ಎರಡನೆಯ ವಿಮಲಧರ್ಮಸೂರ್ಯನು ಬೌದ್ಧನು. ತನ್ನ ಧರ್ಮದ ವಿಧಿಯಂತೆ ಪ್ರಾರ್ಥನೆಗಳನ್ನು ಮಾಡಿಸಿದ ಬಳಿಕ, ಸೆರೆಯಲ್ಲಿದ್ದ ಕ್ರೈಸ್ತರ ಗುರುವಿಗೂ ಅವನು ಹೇಳಿ ಕಳುಹಿಸಿದನು. ಜೋಸೆಫರು ಬಯಲಿನಲ್ಲಿ ಪೀಠವೊಂದನ್ನು ಕಟ್ಟಿ, ಅದರ ಮೇಲೆ ಶಿಲುಬೆಯನ್ನು ನಿಲ್ಲಿಸಿ, ಮೊಣಕಾಲೂರಿದರು. ಮಳೆ ಬಂದಿತು. ಸುತ್ತಲೂ ನೀರು ಹರಿಯುತ್ತಿದ್ದರೂ ಪೀಠವೂ ಅವರೂ ತೋಯಲಿಲ್ಲವೆಂದು ಅವರ ಚರಿತ್ರೆಯನ್ನು ಬರೆದವರು ಹೇಳಿದ್ದಾರೆ.

ಪವಾಡವನ್ನು ತೂಗಿ ನೋಡುವ ತಕ್ಕಡಿ ನನ್ನಲ್ಲಿಲ್ಲ. ನನ್ನ ಮನಸ್ಸನ್ನು ಹಿಡಿಯುವುದು ಮಳೆಗಿಂತ ಮುಂಚಿನ ಗಳಿಗೆ. ತನ್ನನ್ನು ಸೆರೆಯಲ್ಲಿಟ್ಟ ಅರಸನ ಹೊಲಗಳಿಗಾಗಿ, ತನ್ನ ಮತದವರಲ್ಲದ ಒಕ್ಕಲುಮಕ್ಕಳ ಹಸಿವಿಗಾಗಿ ಸೆರೆಯಾಳು ಮೊಣಕಾಲೂರಿದನು. ಮಳೆ ಬಾರದಿದ್ದರೆ ಅವನ ಪಾಡು ಏನಾಗುತ್ತಿತ್ತೆಂಬುದನ್ನು ಊಹಿಸಬಹುದು. ಪ್ರಾರ್ಥನೆಯ ಪತ್ರದ ಮೇಲೆ ಅವನ ಹೆಬ್ಬೆಟ್ಟು ಬಿದ್ದಿತ್ತು. ಅರಸನು ಅವರಿಗೆ ತನ್ನ ರಾಜ್ಯದಲ್ಲೆಲ್ಲ ತಿರುಗಾಡಿ ಬೋಧಿಸುವ ಸ್ವಾತಂತ್ರ್ಯವನ್ನು ಕೊಟ್ಟನು. ಕ್ರೈಸ್ತರಾದ ಡಚ್ಚರು ಬೇಟೆಯಾಡುತ್ತಿದ್ದ ಕ್ರೈಸ್ತ ಪಾದ್ರಿಗೆ ಬೌದ್ಧ ದೊರೆಯ ನೆರಳು ಆಶ್ರಯವಾಯಿತು.

ನಾಲ್ಕು ವರ್ಷಗಳ ಬಳಿಕ, 1697ರಲ್ಲಿ, ಕ್ಯಾಂಡಿಯಲ್ಲಿ ಸಿಡುಬು ಹರಡಿತು. ಅರಸನೂ ಶ್ರೀಮಂತರೂ ಊರು ಬಿಟ್ಟರು. ರೋಗ ಬಂದವರನ್ನು ಬಂಧುಗಳೇ ಕಾಡಿನಲ್ಲಿ ಬಿಟ್ಟು ಹೋಗುತ್ತಿದ್ದರು. ಜೋಸೆಫರೂ ಗೋವೆಯಿಂದ ಬಂದಿದ್ದ ಅವರ ಸೋದರಳಿಯ ಪಾದ್ರಿ ಜೋಸೆಫ್ ಕಾರ್ವಾಲ್ಯೊ ಅವರೂ ಊರನ್ನು ಬಿಡಲಿಲ್ಲ. ಗುಡಿಸಲುಗಳನ್ನು ಹಾಕಿಸಿ, ರೋಗಿಗಳನ್ನು ಹೊತ್ತು ತಂದು, ಹುಣ್ಣುಗಳನ್ನು ತೊಳೆದು, ಗಂಜಿ ಕುಡಿಸಿ, ಸತ್ತವರನ್ನು ಮಣ್ಣು ಮಾಡಿದರು. ಯಾರ ಮತ ಯಾವುದೆಂದು ವಿಚಾರಿಸಲಿಲ್ಲ. ಮಳೆಯ ಕಥೆಯನ್ನು ನಂಬದವರೂ ಈ ಕಥೆಗೆ ತಲೆಬಾಗಬೇಕು. ದೇವರೆದುರಿಗೆ ಯಾರ ಪರವಾಗಿ ಕೈ ಮುಗಿದಿದ್ದರೋ ಅವರ ಕೀವನ್ನು ಅದೇ ಕೈಗಳಿಂದ ಒರೆಸಿದರು.

ಕೊಚ್ಚಿಯ ಬಿಷಪರು ಅವರನ್ನು ಸಿಲೋನಿನ ವಿಕಾರ್ ಜನರಲ್ ಆಗಿ ನೇಮಿಸಿದ್ದರು. ಬಿಷಪ್ ಪದವಿಯೇ ಬರುವಂತಾದಾಗ ಅವರು ಒಲ್ಲೆನೆಂದರು. 1705ರಲ್ಲಿ ಗೋವೆಯಿಂದ ಬಂದ ಪಾದ್ರಿ ಜಾಕೊಮೆ ಗೊನ್ಸಾಲ್ವಿಸರು ಸಿಂಹಳ ಮತ್ತು ತಮಿಳಿನಲ್ಲಿ ಗ್ರಂಥಗಳನ್ನು ರಚಿಸಿ, ಆ ನಾಡಿನ ಭಾಷೆಯಲ್ಲೇ ಧರ್ಮವನ್ನು ನೆಲೆಗೊಳಿಸಿದರು. ಜೋಸೆಫರು ಮಾತ್ರ ಗೋವೆಯನ್ನು ಮತ್ತೆ ಕಾಣಲಿಲ್ಲ. ಇಪ್ಪತ್ನಾಲ್ಕು ವರ್ಷ ಕಾಡುಮೇಡುಗಳಲ್ಲಿ ನಡೆದು ಸವೆದ ದೇಹ 1711ರ ಜನವರಿ 16ರಂದು ಕ್ಯಾಂಡಿಯಲ್ಲಿ ಬಿದ್ದಿತು. ಆಗ ಅವರಿಗೆ ಐವತ್ತೊಂಬತ್ತು ವರ್ಷ.

1995ರಲ್ಲಿ ಎರಡನೆಯ ಜಾನ್ ಪಾಲ್ ಅವರು ಕೊಲಂಬೊ ನಗರದಲ್ಲಿ ಅವರನ್ನು ಧನ್ಯರೆಂದು ಸಾರಿದರು. 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸ್ ಅದೇ ನಗರದ ಕಡಲದಂಡೆಯ ಬಯಲಿನಲ್ಲಿ ಅವರಿಗೆ ಸಂತ ಪದವಿಯನ್ನು ಕೊಟ್ಟರು. ಸತ್ತು ಮುನ್ನೂರು ವರ್ಷಗಳು ಕಳೆದ ಮೇಲೆ ಬಂದ ಮನ್ನಣೆ ಅದು. ಅಂದಿನಿಂದ ಸಂತ ಜೋಸೆಫ್ ವಾಜರ ಮಧ್ಯಸ್ಥಿಕೆಯನ್ನು ಬೇಡುವವರ ಸಂಖ್ಯೆ ಹೆಚ್ಚಿರಬಹುದು. ಬೇಡುವುದು ತಪ್ಪಲ್ಲ. ಆದರೆ ಆ ಮಹನೀಯರು ಬದುಕಿದ್ದಾಗ ಮಧ್ಯಸ್ಥಿಕೆಯೆಂದರೆ ಏನೆಂದು ತಿಳಿದಿದ್ದರೆಂಬುದನ್ನು ಮರೆಯಬಾರದು. ಕೆನರಾದಲ್ಲಿ ಅದು ಇಬ್ಬರ ಜಗಳದ ನಡುವೆ ಬರಿಗಾಲಿನಲ್ಲಿ ನಡೆಯುವುದಾಗಿತ್ತು. ಜಾಫ್ನಾದಲ್ಲಿ ಭಿಕ್ಷಾಪಾತ್ರೆ ಹಿಡಿಯುವುದಾಗಿತ್ತು. ಕ್ಯಾಂಡಿಯಲ್ಲಿ ಸಿಡುಬಿನ ಗುಡಿಸಲಿನಲ್ಲಿ ರಾತ್ರಿ ಕಳೆಯುವುದಾಗಿತ್ತು. ನೆರೆಯವನಿಗಾಗಿ ಪ್ರಾರ್ಥಿಸಿ ಎದ್ದವನು ಅವನ ಮನೆಯ ಕಡೆಗೆ ನಾಲ್ಕು ಹೆಜ್ಜೆಯನ್ನೂ ಇಡದಿದ್ದರೆ, ಅವನು ದೇವರಿಗೆ ಹೇಳಿದ್ದು ವಶೀಲಿಯ ಮಾತಷ್ಟೇ. ಜೋಸೆಫ್ ವಾಜರು ಆ ನಾಲ್ಕು ಹೆಜ್ಜೆಗಳನ್ನು ಇಟ್ಟರು, ಹಿಂದಿರುಗಿ ಬರಲಿಲ್ಲ.