ದೀಪ ಹಿಡಿದಾಕೆಗೂ ದಣಿವಿತ್ತು

ದೀಪ ಹಿಡಿದು ರೋಗಿಗಳ ನಡುವೆ ಓಡಾಡಿದ ಫ್ಲಾರೆನ್ಸ್ ನೈಟಿಂಗೇಲ್ ಕಥೆ ಶಾಲೆಯಲ್ಲಿ ಓದಿರ್ತೀರಿ. ಆದರೆ ಮನೆಗೆ ಮರಳಿದ ಮೇಲೆ ಆಕೆಗೇನಾಯ್ತು ಗೊತ್ತಾ?

1854ರಲ್ಲಿ 38 ದಾದಿಯರ ಜೊತೆ ಟರ್ಕಿಯ ಸ್ಕುಟಾರಿ ಆಸ್ಪತ್ರೆಗೆ ಹೋದಾಗ ಆಕೆಗೆ 34 ವರ್ಷ. ಕ್ರಿಮಿಯಾ ಯುದ್ಧದಲ್ಲಿ ಗಾಯಕ್ಕಿಂತ ಕಾಲರಾ, ಭೇದಿ, ಟೈಫಸ್ ಜ್ವರದಿಂದ ಸತ್ತ ಸೈನಿಕರೇ ಹೆಚ್ಚು. ಮರುವರ್ಷ ಆಕೆಯೇ ಜ್ವರ ಬಂದು ಸಾವಿನಂಚಿಗೆ ಹೋಗಿಬಂದರು. 1856ರಲ್ಲಿ ಇಂಗ್ಲೆಂಡಿಗೆ ಮರಳಿದಾಗ ದೇಶವೇ ಕೊಂಡಾಡಿತು. ಆಕೆಗೆ ಮಾತ್ರ ಸತ್ತ ಸೈನಿಕರದ್ದೇ ಕೊರಗು. 1857ರಲ್ಲಿ ಹಾಸಿಗೆ ಹಿಡಿದರು. ಮೈನೋವು, ಖಿನ್ನತೆ ವರ್ಷಗಟ್ಟಲೆ ಕಾಡಿದವು. ಹಾಸಿಗೆಯಲ್ಲೇ ಬರೆದರು, ದುಡಿದರು. 1860ರಲ್ಲಿ ಲಂಡನ್ನಿನಲ್ಲಿ ಆಕೆಯ ದಾದಿಯರ ಶಾಲೆ ಶುರುವಾಯ್ತು. 1910ರಲ್ಲಿ, 90ರ ವಯಸ್ಸಿನಲ್ಲಿ ತೀರಿಕೊಂಡರು.

2020ರಲ್ಲಿ ಕೊರೊನಾ ವಾರ್ಡಿನಲ್ಲಿ ದುಡಿದವರಿಗೆ ನಾವೂ ಚಪ್ಪಾಳೆ ತಟ್ಟಿದ್ವಿ. ಅಷ್ಟೇ ಸಾಕಾ? ನಿಮ್ಮ ಮಗಳೋ ಸೊಸೆಯೋ ನರ್ಸ್ ಆಗಿದ್ದರೆ, ಡ್ಯೂಟಿ ಮುಗಿಸಿ ಬಂದ ಕೂಡಲೇ ಪ್ರಶ್ನೆ ಕೇಳಬೇಡಿ, ಅಡುಗೆಮನೆ ಕಡೆ ಕೈ ತೋರಿಸಬೇಡಿ. ಬಿಸಿ ಕಾಫಿ ಕೊಟ್ಟು ಮಲಗಲು ಬಿಡಿ. ಅವರಾಗಿ ಮಾತಾಡಿದಾಗ ಬುದ್ಧಿ ಹೇಳದೆ ಕೇಳಿಸಿಕೊಳ್ಳಿ. ವಾರಗಟ್ಟಲೆ ನಿದ್ದೆಯಿಲ್ಲ, ಊಟ ಬೇಡ, ಸುಮ್ಸುಮ್ನೆ ಅಳು ಅಂದ್ರೆ ಮನೋವೈದ್ಯರಿಗೆ ತೋರಿಸಿ. ಇದರಲ್ಲಿ ನಾಚಿಕೆ ಪಡುವಂಥದ್ದೇನಿಲ್ಲ.